ಹಣ್ಣಿನ ತಕ್ಕಡಿ, ದಿಲ್ಲಿಯ ತಕ್ಕಡಿ



ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ಹೊತ್ತು ತೋಟದ ಕಣದ ಹತ್ತಿರ ತಕ್ಕಡಿ ನೇತು ಹಾಕ್ತಾರೆ. ಬೆಳಗಿನಿಂದ ಕುಯ್ದ ಹಣ್ಣಿನ ಚೀಲ ಹೊತ್ತು ತಂದು ನಮ್ಮ ಅವ್ವಂದಿರು ಸಾಲಾಗಿ ನಿಲ್ತಾರೆ. ರೈಟರು ತೂಗ್ತಾನೆ, ಪುಸ್ತಕದಲ್ಲಿ ಬರ್ಕೊಳ್ತಾನೆ. ಕಸಕಡ್ಡಿ ಅಂತ ಒಂದಿಷ್ಟು, ಹಸಿರು ಕಾಯಿ ಅಂತ ಒಂದಿಷ್ಟು, ಚೀಲದ ತೂಕ ಅಂತ ಒಂದಿಷ್ಟು ಕಳೀತಾನೆ. ಅವ್ವ ಅಲ್ಲಿ ಏನೂ ಮಾತಾಡೋದಿಲ್ಲ. ಲೈನಿಗೆ ವಾಪಸು ಬರುವಾಗ ದಾರೀಲಿ ಹೇಳ್ತಾಳೆ, "ಮುಳ್ಳು ನೋಡಕ್ಕೆ ಬಿಡ್ಲಿಲ್ಲ ಕಣೋ." ತಕ್ಕಡಿಯ ಮುಳ್ಳು ಯಾರ ಕಡೆ ಮುಖ ಮಾಡಿದೆ ಅನ್ನೋದು ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ಗೊತ್ತು. ಹಾಸ್ಟೆಲಿನಲ್ಲಿ ಅನ್ನ ಉಂಡು ಡಿಗ್ರಿ ಓದುತ್ತಿರುವ ನಾವು ಮಾತ್ರ ಮುಳ್ಳು ನೋಡುವುದನ್ನೇ ಮರೆತಿದ್ದೇವೆ.

ಕೆಲವು ತಿಂಗಳ ಹಿಂದೆ ಈ ಬೆಟ್ಟದ ಒಂದು ಹಾಸ್ಟೆಲಿನ ಹುಡುಗರು ಅರ್ಜಿ ಹಿಡಿದುಕೊಂಡು ಒಬ್ಬ ಅಧಿಕಾರಿಯ ಹತ್ತಿರ ಹೋದರು. ಸ್ಕಾಲರ್‌ಶಿಪ್ ಬಂದಿಲ್ಲ, ಬಚ್ಚಲಿಗೆ ಬಾಗಿಲಿಲ್ಲ, ಮಳೆಗಾಲದಲ್ಲಿ ಬಿಸಿನೀರಿಲ್ಲ ಅಂತ ಅರ್ಜಿ. ನಮ್ಮವರೊಬ್ಬರು ಜೊತೆಗಿದ್ದರು. ಆತ ಅರ್ಜಿ ಓದಲಿಲ್ಲ. "ಗಡೀಲಿ ಸೈನಿಕರು ಹಿಮದಲ್ಲಿ ನಿಂತಿದ್ದಾರೆ, ನಿಮಗೆ ಬಿಸಿನೀರು ಬೇಕೇನ್ರೋ?" ಅಂದ. ಹುಡುಗರು ತಲೆ ತಗ್ಗಿಸಿ ವಾಪಸು ಬಂದರು. ಅಧಿಕಾರಿಯ ಮಾತಿಗಿಂತ ನಮಗೆ ನೋವಾದದ್ದು ಆ ತಗ್ಗಿದ ತಲೆಗಳನ್ನು ಕಂಡು. ದೇಶ ಅಂದ ಕೂಡಲೇ, ಸೈನಿಕ ಅಂದ ಕೂಡಲೇ ನಮ್ಮ ಹುಡುಗರ ಬಾಯಿ ಕಟ್ಟಿಹೋಗುತ್ತದೆ. ಬಿಸಿನೀರು ಕೇಳುವುದು ದೇಶದ್ರೋಹ ಅನ್ನುವ ಹಾಗೆ.

ಮೊದಲೇ ಹೇಳಿಬಿಡುತ್ತೇವೆ. ಸೈನಿಕನ ಮೇಲೆ ನಮಗೆ ದ್ವೇಷವಿಲ್ಲ. ಇರುವುದಕ್ಕೆ ಸಾಧ್ಯವೂ ಇಲ್ಲ. ಬಾಬಾಸಾಹೇಬರು ಹುಟ್ಟಿದ್ದು 1891ರಲ್ಲಿ, ಮಹೂ ಎಂಬ ದಂಡಿನ ಊರಿನಲ್ಲಿ. ಅವರ ತಂದೆ ರಾಮ್ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರ್, ಸೈನ್ಯದ ಶಾಲೆಯಲ್ಲಿ ಮೇಷ್ಟ್ರು. ಊರ ಶಾಲೆ ನಮ್ಮವರನ್ನು ಹೊಸ್ತಿಲ ಹೊರಗೆ ಕೂರಿಸಿದ ಕಾಲದಲ್ಲಿ ದಂಡಿನ ಶಾಲೆ ಸಿಪಾಯಿಗಳ ಮಕ್ಕಳಿಗೆ ಅಕ್ಷರ ಕಲಿಸಿತು. ಆ ಅಕ್ಷರದ ರುಚಿ ಕಂಡ ಮನೆಯಿಂದಲೇ ಬಾಬಾಸಾಹೇಬರು ಬಂದದ್ದು. ಆಮೇಲೆ ಬ್ರಿಟಿಷರು ಮೇಲುಜಾತಿಗಳ ಮಾತು ಕೇಳಿ, ಇವರು ಯುದ್ಧದ ಜಾತಿಯವರಲ್ಲ ಅಂತ ಹೇಳಿ ಮಹಾರರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಅಂದರೆ ಸೈನ್ಯದ ಖರ್ಚಿನಲ್ಲಿ ನಮ್ಮ ಪಾಲು ಒಂದು ಕಾಲಕ್ಕೆ ಇತ್ತು, ಅದನ್ನು ಜಾತಿ ಹೆಸರಿನಲ್ಲೇ ಕಿತ್ತುಕೊಂಡರು.

ಈಗ ಎರಡನೇ ಮಹಾಯುದ್ಧದ ಕಾಲಕ್ಕೆ ಬನ್ನಿ. "ಯುದ್ಧ ನಡೀತಿದೆ, ದುಡ್ಡಿಲ್ಲ" ಅನ್ನಲು ಸರ್ಕಾರಕ್ಕೆ ಅದಕ್ಕಿಂತ ದೊಡ್ಡ ನೆಪ ಸಿಕ್ಕುತ್ತಿರಲಿಲ್ಲ. ಜಪಾನಿನ ಸೈನ್ಯ ಬರ್ಮಾ ದಾಟಿ ಬಾಗಿಲಿಗೆ ಬಂದಿತ್ತು. ಆ ಹೊತ್ತಿನಲ್ಲಿ ಬಾಬಾಸಾಹೇಬರು ಮಾಡಿದ್ದೇನು? ಮಹಾರರಿಗೆ ಸೈನ್ಯದ ಬಾಗಿಲು ತೆರೆಯಿರಿ ಎಂದು ಪಟ್ಟು ಹಿಡಿದರು. 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ತುಕಡಿ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. ಮುಂದಿನ ವರ್ಷ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆ ವಹಿಸಿಕೊಂಡು, 1942ರ ಅಕ್ಟೋಬರಿನಲ್ಲಿ ಅಸ್ಪೃಶ್ಯರ ಕುಂದುಕೊರತೆಗಳ ದೊಡ್ಡ ಮನವಿಯನ್ನು ವೈಸರಾಯ್ ಲಿನ್‌ಲಿತ್ಗೋ ಕೈಗಿಟ್ಟರು. ನಮ್ಮ ಹುಡುಗರ ಉನ್ನತ ಶಿಕ್ಷಣಕ್ಕೆ ಖಜಾನೆಯಿಂದಲೇ ದುಡ್ಡು ಕೊಡಿ ಅನ್ನುವುದು ಅದರಲ್ಲಿತ್ತು. ಯುದ್ಧ ಇನ್ನೂ ಮುಗಿದಿರಲಿಲ್ಲ, 1944ರಲ್ಲಿ ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. ಇವತ್ತು ನೀವು ಕಾದು ಕೂತಿರುವ ಸ್ಕಾಲರ್‌ಶಿಪ್ಪು ಅದೇ. ಯುದ್ಧದ ನಡುಮಧ್ಯೆ, ತೋಪಿಗೆ ದುಡ್ಡು ಸುರಿಯುತ್ತಿದ್ದ ಸರ್ಕಾರದ ಕೈಯಿಂದಲೇ ಕಿತ್ತು ತಂದ ದುಡ್ಡು ಅದು. ಹಿಮದ ಕತೆ ಹೇಳಿದ ಅಧಿಕಾರಿಗೆ ಈ ಮಾತು ಹೇಳುವವರು ಅವತ್ತು ಆ ಕೋಣೆಯಲ್ಲಿ ಇರಬೇಕಾಗಿತ್ತು. ನಮ್ಮವರೇ ಜೊತೆಗಿದ್ದೂ ಬಾಯಿ ಬಿಡಲಿಲ್ಲ, ಆ ತಪ್ಪು ನಮ್ಮದು.

ಸ್ವಾತಂತ್ರ್ಯ ಬಂದ ಮೇಲೂ ಅವರು ತಕ್ಕಡಿಯ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. 1951ರ ಸೆಪ್ಟೆಂಬರಿನಲ್ಲಿ ಕಾನೂನು ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹಿಂದೂ ಕೋಡ್ ಬಿಲ್ಲಿಗಾಗಿ ಅನ್ನುವುದು ಎಲ್ಲರಿಗೂ ಗೊತ್ತು. ಅಕ್ಟೋಬರ್ 10ರಂದು ಪಾರ್ಲಿಮೆಂಟಿನಲ್ಲಿ ಓದಬೇಕಾಗಿದ್ದ ಹೇಳಿಕೆಯಲ್ಲಿ ಬೇರೆ ಕಾರಣಗಳೂ ಇದ್ದವು. ಅದನ್ನು ಸರಿಯಾದ ಹೊತ್ತಿಗೆ ಓದಲು ಬಿಡದೆ ಇದ್ದದ್ದಕ್ಕೆ ಅವರು ಸಭೆಯಿಂದ ಎದ್ದು ಹೊರಗೆ ಬಂದರು. ಪರಿಶಿಷ್ಟರ ಮೇಲಿನ ದಬ್ಬಾಳಿಕೆ ನಿಂತಿಲ್ಲ, ಈ ಸರ್ಕಾರಕ್ಕೆ ಅದರ ಗೊಡವೆಯೇ ಇಲ್ಲ ಅನ್ನುವುದು ಒಂದು ಕಾರಣ. ಇನ್ನೊಂದು ಕಡೆ ಲೆಕ್ಕ: ವರ್ಷದ ಆದಾಯ 350 ಕೋಟಿ, ಅದರಲ್ಲಿ ಸೈನ್ಯಕ್ಕೆ ಸುಮಾರು 180 ಕೋಟಿ. ಅರ್ಧಕ್ಕಿಂತ ಜಾಸ್ತಿ! ನಮ್ಮ ವಿದೇಶಾಂಗ ನೀತಿಯಿಂದಲೇ ಈ ಭಾರ ನಮ್ಮ ಹೆಗಲ ಮೇಲೆ ಬಿದ್ದಿದೆ ಅಂದರು. ಅವರ ವಿದೇಶಾಂಗ ನೀತಿಯ ಪ್ರತಿ ಮಾತನ್ನೂ ಇವತ್ತು ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಆದರೆ ಸೈನ್ಯಕ್ಕೆ ರೆಜಿಮೆಂಟು ಕಟ್ಟಿಸಿದ ಮನುಷ್ಯನೇ ಹತ್ತು ವರ್ಷದ ನಂತರ ಸೈನ್ಯದ ಖರ್ಚನ್ನೂ ಹೊಲಗೇರಿಯ ಗತಿಯನ್ನೂ ಒಂದೇ ಕಾಗದದಲ್ಲಿ ಬರೆದು ತೋರಿಸಿದರು. ಆಗ ಅವರನ್ನು ದೇಶದ್ರೋಹಿ ಅಂದವರು ಇದ್ದರೋ ಏನೋ. ಅವರಂತೂ ತಲೆ ತಗ್ಗಿಸಲಿಲ್ಲ.

ಅದೇ 1951ರಲ್ಲಿ ಇನ್ನೊಂದು ಆಯಿತು. ತೋಟ ಕಾರ್ಮಿಕರ ಕಾಯ್ದೆ ಬಂತು. ಎಸ್ಟೇಟಿನವರು ಆಳುಗಳಿಗೆ ಮನೆ ಕೊಡಬೇಕು, ಕುಡಿಯುವ ನೀರು ಕೊಡಬೇಕು, ಔಷಧಿ, ಮಕ್ಕಳಿಗೆ ಶಾಲೆ ಕೊಡಬೇಕು ಅಂತ. ಕಾಗದ ಚೆನ್ನಾಗಿತ್ತು. ಮೂಡಿಗೆರೆ, ಕಳಸದ ಕಡೆ ಹುಟ್ಟಿದ ನಿಮಗೆ ಲೈನ್ ಮನೆ ಹೇಗಿರುತ್ತದೆ ಅಂತ ನಾವು ಬರೆದು ತೋರಿಸಬೇಕಾಗಿಲ್ಲ. ಈಗ ಆ ಕಾಯ್ದೆಯೂ ಹೋಯಿತು. ಕೆಲಸದ ಸುರಕ್ಷತೆ ಕುರಿತ 2020ರ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಾಗ ಅದರೊಳಗೆ ಕರಗಿಹೋಯಿತು. ಇನ್ನು 1974ರ ಮಾತು. ಆ ವರ್ಷದ ಮೇ 18ಕ್ಕೆ ದಿಲ್ಲಿ ಪೋಖ್ರಾನಿನಲ್ಲಿ ಅಣುಬಾಂಬು ಸಿಡಿಸಿತು. ಅದೇ ವರ್ಷ ನಮ್ಮ ರಾಜ್ಯದಲ್ಲಿ ಉಳುವವನಿಗೆ ಭೂಮಿಯ ಕಾನೂನು ಜಾರಿಗೆ ಬಂತು, ಕಾಫಿ ತೋಟಕ್ಕೆ ಮಾತ್ರ ಅದರಿಂದ ವಿನಾಯಿತಿ. ನಾಲ್ಕು ವರ್ಷಕ್ಕೆ, 1978ರ ನವೆಂಬರಿನಲ್ಲಿ, ಬಾಂಬು ಸಿಡಿಸಿದ ಇಂದಿರಾ ಗಾಂಧಿಯವರೇ ಚಿಕ್ಕಮಗಳೂರಿಗೆ ಬಂದು ಗೆದ್ದು ಹೋದರು. ಲೈನಿನವರೂ ಸಾಲು ನಿಂತು ವೋಟು ಹಾಕಿದರು. ವಿನಾಯಿತಿ ಹಾಗೇ ಉಳಿಯಿತು.

ಇವತ್ತಿನ ಲೆಕ್ಕಕ್ಕೆ ಬರೋಣ. ನೋಟ್‌ಬುಕ್ಕು ತೆಗೀರಿ.

2025–26ರ ಕೇಂದ್ರ ಬಜೆಟ್ಟಿನಲ್ಲಿ ರಕ್ಷಣೆಗೆ 6 ಲಕ್ಷ 81 ಸಾವಿರ ಕೋಟಿ. ದೇಶದ ಎಲ್ಲ ಶಾಲೆ ಕಾಲೇಜುಗಳ ಹೆಸರಿನಲ್ಲಿ ಕೇಂದ್ರದ ಶಿಕ್ಷಣ ಮಂತ್ರಾಲಯಕ್ಕೆ 1 ಲಕ್ಷ 28 ಸಾವಿರ ಕೋಟಿ ಚಿಲ್ಲರೆ. ನಮ್ಮ ಹೆಸರಿನ ಸಾಮಾಜಿಕ ನ್ಯಾಯ ಇಲಾಖೆಗೆ 13,600 ಕೋಟಿಯ ಆಸುಪಾಸು. ಬೇರೆ ಇಲಾಖೆಗಳಲ್ಲೂ ಪರಿಶಿಷ್ಟರ ಪಾಲು ಅಂತ ತೋರಿಸುತ್ತಾರೆ, ಶಿಕ್ಷಣದ ಖರ್ಚನ್ನು ರಾಜ್ಯಗಳೂ ಹೊರುತ್ತವೆ, ಅದು ನಿಜ. ಆದರೂ ಆ ಇಲಾಖೆಗೆ ಒಂದು ರೂಪಾಯಿ ಇಟ್ಟ ಕಡೆ ರಕ್ಷಣೆಗೆ ಐವತ್ತು ರೂಪಾಯಿ.

ಇದಕ್ಕಿಂತ ಸ್ಪಷ್ಟವಾಗಿ ಮುಳ್ಳು ಕಾಣಬೇಕಾದರೆ ಎರಡು ಖರೀದಿಗಳನ್ನು ಅಕ್ಕಪಕ್ಕ ಇಡಿ. 2016ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನಿಂದ 36 ರಫೇಲ್ ಯುದ್ಧವಿಮಾನ ಕೊಳ್ಳಲು ಸಹಿ ಬಿತ್ತು. ಆಯುಧ, ಬಿಡಿಭಾಗ ಎಲ್ಲ ಸೇರಿ ಸುಮಾರು 59,000 ಕೋಟಿ. 2020ರ ಡಿಸೆಂಬರಿನಲ್ಲಿ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಐದು ವರ್ಷಕ್ಕೆ, ಇಡೀ ದೇಶಕ್ಕೆ, 4 ಕೋಟಿ ವಿದ್ಯಾರ್ಥಿಗಳಿಗೆ 59,048 ಕೋಟಿ. ಅದರಲ್ಲೂ ಕೇಂದ್ರದ್ದು 35,534 ಕೋಟಿ, ಉಳಿದದ್ದು ರಾಜ್ಯಗಳು ಹಾಕಿಕೊಳ್ಳಬೇಕು.

ನೋಡಿದಿರಾ? ಎರಡೂ ಹೆಚ್ಚು ಕಡಿಮೆ ಒಂದೇ ಮೊತ್ತ. ಒಂದು ತಟ್ಟೆಯಲ್ಲಿ 36 ವಿಮಾನ, ಇನ್ನೊಂದರಲ್ಲಿ 4 ಕೋಟಿ ಹುಡುಗ ಹುಡುಗಿಯರು. ಒಂದು ವಿಮಾನಕ್ಕೆ 11 ಲಕ್ಷ ವಿದ್ಯಾರ್ಥಿಗಳ ಲೆಕ್ಕ ಬೀಳುತ್ತದೆ. ಆದರೆ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ವಿಮಾನದ ಸಹಿ ಬಿದ್ದ ಮೇಲಿನ ಮೂರು ವರ್ಷ, 2017–18ರಿಂದ 2019–20ರವರೆಗೆ, ಇದೇ ಸ್ಕಾಲರ್‌ಶಿಪ್ಪಿಗೆ ಕೇಂದ್ರ ಕೊಟ್ಟದ್ದು ವರ್ಷಕ್ಕೆ ಸುಮಾರು 1,100 ಕೋಟಿ. ಈ ಅಂಕಿ ಸರ್ಕಾರವೇ ಹೇಳಿಕೊಂಡದ್ದು. ಒಂದು ರಫೇಲ್ ವಿಮಾನದ ಪಾಲಿಗೆ ಬರುವುದು 1,600 ಕೋಟಿಗೂ ಮೇಲೆ. ಇಡೀ ಭಾರತದ ದಲಿತ ವಿದ್ಯಾರ್ಥಿಗಳ ಒಂದು ವರ್ಷಕ್ಕೆ ಕೇಂದ್ರ ಹಾಕಿದ ತೂಕ ಒಂದು ವಿಮಾನಕ್ಕಿಂತ ಕಡಿಮೆ. ಆ ವರ್ಷಗಳಲ್ಲಿ ಸ್ಕಾಲರ್‌ಶಿಪ್ ಸಿಗದೆ ಕಾಲೇಜು ಬಿಟ್ಟವರು ನಿಮ್ಮ ಅಣ್ಣಂದಿರು, ಅಕ್ಕಂದಿರು. ಅವರು ತೋಟದಲ್ಲಿ ಸಿಗ್ತಾರೆ, ಹೋಗಿ ಕೇಳಿ.

ವಿಮಾನದ ಕಂತು ತಪ್ಪಿದರೆ ದೇಶದ ಮಾನ ಹೋಗುತ್ತದೆ, ಪತ್ರಿಕೆಗಳು ಬೊಬ್ಬೆ ಹೊಡೆಯುತ್ತವೆ. ಸ್ಕಾಲರ್‌ಶಿಪ್ಪಿನ ಕಂತು ತಪ್ಪಿದರೆ ಒಂದು ಹುಡುಗಿ ಚೀಲ ತಗೊಂಡು ಹಣ್ಣು ಕುಯ್ಯಕ್ಕೆ ಹೋಗ್ತಾಳೆ, ಅಷ್ಟೆ. ಸದ್ದೇ ಇಲ್ಲ. 2025ರ ಏಪ್ರಿಲಿನಲ್ಲಿ ನೌಕಾಪಡೆಗೆ ಮತ್ತೆ 26 ರಫೇಲ್ ಬೇಕೆಂದು 63 ಸಾವಿರ ಕೋಟಿಯ ಸುತ್ತಿನ ಒಪ್ಪಂದವಾಯಿತು. ನಾಲ್ಕು ಕೋಟಿ ಮಕ್ಕಳ ಆ ಮಂಜೂರಾತಿಯ ಅವಧಿ 2025–26ರವರೆಗೆ ಮಾತ್ರ.

ಇದಕ್ಕೆ ಬುದ್ಧಿವಂತರ ಉತ್ತರ ಒಂದಿದೆ. ದೇಶದ ಒಟ್ಟು ಉತ್ಪನ್ನದಲ್ಲಿ ರಕ್ಷಣೆಯ ಪಾಲು ನೂರಕ್ಕೆ ಎರಡರಷ್ಟು ಮಾತ್ರ, ಅದರಲ್ಲೂ ಬಹಳಷ್ಟು ಸಂಬಳ ಪಿಂಚಣಿಗೆ ಹೋಗುತ್ತದೆ, ಅದೂ ಬಡವರ ಮನೆಗೇ ಅಲ್ಲವೇ ಅಂತ. ಈ ಮಾತನ್ನು ತಳ್ಳಿಹಾಕುವುದಿಲ್ಲ. ಸೈನ್ಯ ಸೇರಿದ ಮನೆಗೆ ಹೆಂಚು ಬಂದದ್ದನ್ನು ನಾವೂ ಕಂಡಿದ್ದೇವೆ. ಆದರೆ ಆ ಬುದ್ಧಿವಂತರೇ ಮಾಡಿದ್ದೇನು? 2022ರ ಜೂನಿನಲ್ಲಿ ಅಗ್ನಿಪಥ ಅಂತ ತಂದರು. ಹದಿನೇಳೂವರೆ ವಯಸ್ಸಿನ ಹುಡುಗನನ್ನು ತಗೊಂಡು ನಾಲ್ಕು ವರ್ಷ ದುಡಿಸಿ, ನೂರರಲ್ಲಿ ಇಪ್ಪತ್ತೈದು ಜನರನ್ನು ಇಟ್ಟುಕೊಂಡು, ಉಳಿದವರ ಕೈಗೆ ಹನ್ನೆರಡು ಲಕ್ಷಕ್ಕೆ ಸ್ವಲ್ಪ ಕಡಿಮೆ ಗಂಟು ಕೊಟ್ಟು ಮನೆಗೆ ಕಳಿಸುವುದು. ಪಿಂಚಣಿ ಇಲ್ಲ. 2025–26ರಲ್ಲಿ ರಕ್ಷಣಾ ಪಿಂಚಣಿಗೆ 1 ಲಕ್ಷ 60 ಸಾವಿರ ಕೋಟಿ ಹೋಗುತ್ತದೆ, ಹೊಸ ಆಯುಧ ಯಂತ್ರಗಳ ಲೆಕ್ಕಕ್ಕೆ 1 ಲಕ್ಷ 80 ಸಾವಿರ ಕೋಟಿ. ಯಂತ್ರದ ಕಡೆ ತಟ್ಟೆ ಭಾರವಾಗಬೇಕಾದರೆ ಮನುಷ್ಯನ ಕಡೆಯದನ್ನು ತೆಗೆಯಬೇಕು. ತೆಗೆದರು. ಬೆಳಗ್ಗೆ ಐದಕ್ಕೆ ಎದ್ದು ಕಾಲೇಜು ಮೈದಾನದಲ್ಲಿ ಓಡುವ ಹುಡುಗರು ನಮ್ಮ ಹಾಸ್ಟೆಲುಗಳಲ್ಲಿ ಎಷ್ಟು ಜನ ಇದ್ದಾರೆ! ಓಡಬೇಡಿ ಅಂತ ಹೇಳುವ ಮನಸ್ಸು ನಮಗಿಲ್ಲ. ಹಿಮದಲ್ಲಿ ನಿಲ್ಲುವವರೂ ಅವರೇ, ಬಿಸಿನೀರಿಲ್ಲದವರೂ ಅವರೇ. ಅಧಿಕಾರಿಗೆ ಇವರಿಬ್ಬರೂ ಬೇರೆ ಬೇರೆ ಮನೆಯವರ ಹಾಗೆ ಕಂಡರು.

ಇನ್ನು ರಕ್ಷಣೆ ಅನ್ನುವ ಮಾತು ನಮ್ಮ ಬೆಟ್ಟಗಳಿಗೆ ಹೇಗೆ ಬಂತು ಅಂತ ನೋಡಿ. ಇದು ದಿಲ್ಲಿಯ ಸೈನ್ಯದ ಮಾತಲ್ಲ, ಬೆಂಗಳೂರಿನ ಬಂದೂಕಿನ ಮಾತು. ತಕ್ಕಡಿ ಒಂದೇ.

2001ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂತಿಮ ಆದೇಶ ಬಂತು. ಕಾಡಂಚಿನ ಗೌಡಲು, ಮಲೆಕುಡಿಯರು, ನಮ್ಮವರು, ಹಕ್ಕುಪತ್ರ ಇಲ್ಲದವರೆಲ್ಲ, ಇವತ್ತೋ ನಾಳೆಯೋ ಎಬ್ಬಿಸ್ತಾರೆ ಅಂತ ಹೆದರಿ ಕೂತರು. ರಸ್ತೆ ಕೇಳಿದರು, ಸೇತುವೆ ಕೇಳಿದರು, ಪಟ್ಟೆ ಕೇಳಿದರು. ಫೈಲು ಅಲ್ಲಾಡಲಿಲ್ಲ. ಕೆಲವು ಹುಡುಗ ಹುಡುಗಿಯರು ಬಂದೂಕು ಹಿಡಿದು ಕಾಡು ಸೇರಿದರು. ಆ ದಾರಿ ನಮ್ಮದಲ್ಲ. ಬುದ್ಧನನ್ನೂ ಬಾಬಾಸಾಹೇಬರನ್ನೂ ನಂಬಿದ ನಾವು ಅದನ್ನು ಎಂದೂ ಒಪ್ಪಲಾರೆವು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಗುಂಡಿಗೆ ಬಿದ್ದರು. 2005ರ ಫೆಬ್ರವರಿ 6ರಂದು ಹೊರನಾಡಿನ ಹತ್ತಿರದ ಬಲಿಗೆಯಲ್ಲಿ ಸಾಕೇತ್ ರಾಜನ್, ಜೊತೆಗೆ ಒಬ್ಬ ಯುವಕ. ಅದೇ ವಾರ ಪಾವಗಡದ ವೆಂಕಟಮ್ಮನಹಳ್ಳಿಯಲ್ಲಿ ದಾಳಿಗೆ ಸಿಕ್ಕಿ ಪೊಲೀಸರು ಸತ್ತರು. ಅವರೂ ಬಡವರ ಮನೆ ಮಕ್ಕಳೇ. 2007ರ ಜುಲೈನಲ್ಲಿ ಮೆಣಸಿನಹಾಡ್ಯದಲ್ಲಿ ಐದು ಹೆಣ, ಅದರಲ್ಲಿ ಆದಿವಾಸಿಗಳೂ ಇದ್ದರು.

ಆಗ ಸರ್ಕಾರಕ್ಕೆ ದುಡ್ಡು ಸಿಕ್ಕಿತು. ಕಾರ್ಕಳದಲ್ಲಿ ಕೇಂದ್ರ ಇಟ್ಟುಕೊಂಡು ನಕ್ಸಲ್ ನಿಗ್ರಹ ಪಡೆ ನಿಂತಿತು, ಬೆಟ್ಟದ ಮೇಲೆ ಕ್ಯಾಂಪುಗಳು ಬಂದವು, ಜೀಪು ಬಂತು, ವೈರ್‌ಲೆಸ್ ಬಂತು. ಪ್ಯಾಕೇಜು ಅನ್ನುವ ಮಾತು ಅದರ ಹಿಂದೆ ಬಂತು. ಅರ್ಜಿ ಕೊಟ್ಟಾಗ ಬಾರದ ರಸ್ತೆ ಹೆಣ ಬಿದ್ದ ಮೇಲೆ ಎಸ್ಟಿಮೇಟಿಗೆ ಬಂತು. ಇದು ಹುಡುಗರಿಗೆ ಎಂಥ ಪಾಠ ಕಲಿಸುತ್ತದೆ ಅಂತ ಆಳುವವರು ಯೋಚನೆ ಮಾಡಿದ್ದಾರಾ? ಶಾಂತಿಯಿಂದ ಕೇಳಿದವನಿಗೆ ಇಲ್ಲ ಅಂದದ್ದನ್ನು ಬಂದೂಕಿನ ಸದ್ದು ಕೇಳಿದ ಮೇಲೆ ಕೊಡುವ ಸರ್ಕಾರ, ಸಂವಿಧಾನದ ಮೇಲೆ ನಂಬಿಕೆ ಇಟ್ಟ ನಮ್ಮಂಥವರ ಕಾಲ ಕೆಳಗಿನ ನೆಲವನ್ನೇ ಕಿತ್ತುಹಾಕುತ್ತದೆ.

2025ರ ಜನವರಿ 8ರಂದು ಕೊನೆಯ ಗುಂಪಿನ ಆರು ಜನ ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಎದುರು ಶರಣಾದರು. ನಾಲ್ವರು ಹೆಂಗಸರು. ಅವರಲ್ಲಿ ಈ ಬೆಟ್ಟಗಳ ಮಕ್ಕಳೂ ಇದ್ದರು. ಮುಂದಿನ ತಿಂಗಳು ಉಳಿದಿಬ್ಬರೂ ಬಂದರು. ರಾಜ್ಯ ನಕ್ಸಲ್ ಮುಕ್ತ ಅಂತ ಘೋಷಣೆಯಾಯಿತು. ಸರಿ, ಕಾಡು ಖಾಲಿಯಾಯಿತಲ್ಲ, ಇಪ್ಪತ್ತು ವರ್ಷ ಪಡೆಗೆ ಹೋಗುತ್ತಿದ್ದ ದುಡ್ಡು ಇನ್ನು ಊರಿಗೆ ಬರಬಹುದೇನೋ ಅಂದುಕೊಂಡೆವು. ಕೆಲವೇ ತಿಂಗಳಲ್ಲಿ ಆ ಪಡೆಯ ಒಂದು ಭಾಗವನ್ನು ತೆಗೆದು ಕರಾವಳಿಯ ಮತೀಯ ಗಲಭೆ ತಡೆಯಲು ವಿಶೇಷ ಕಾರ್ಯಪಡೆ ಮಾಡಿದರು. ಗಲಭೆ ತಡೆಯಬೇಕು, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಗಮನಿಸಿ. ಪಡೆ ಒಮ್ಮೆ ಹುಟ್ಟಿದರೆ ಒಂದು ಕೆಲಸ ಮುಗಿದರೂ ಇನ್ನೊಂದು ಕೆಲಸ ಹುಡುಕಿ ಬದುಕಿಸುತ್ತಾರೆ. ನಮ್ಮ ಶಾಲೆಗೆ ಹಾಜರಿ ಕಡಿಮೆ ಅಂತ ಬೀಗ ಹಾಕುತ್ತಾರೆ.

2022ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ ಮುಂಗಡ ಸಾಲದ ನೆಪಕ್ಕೆ ದಲಿತ ಕೂಲಿಗಳನ್ನು ಕೂಡಿಹಾಕಿ ಹೊಡೆದರು ಅಂತ ದೂರು ದಾಖಲಾಯಿತು. ಅದರಲ್ಲಿ ಒಬ್ಬಳು ಬಸುರಿ. ಆಕೆಯನ್ನು ಕಾಯಲು ಯಾವ ವಿಶೇಷ ಪಡೆ ಇತ್ತು? ದಬ್ಬಾಳಿಕೆ ತಡೆಯುವ ಕಾಯ್ದೆ ಇದೆ. ಅದಕ್ಕೆ ಜೀಪು ಇಲ್ಲ, ವೈರ್‌ಲೆಸ್ ಇಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. 2019ರ ಆಗಸ್ಟಿನ ಮಳೆಗೆ ಮೂಡಿಗೆರೆ ತಾಲ್ಲೂಕಿನ ಬೆಟ್ಟ ಕುಸಿದು ಮಲೆಮನೆ, ಮಧುಗುಂಡಿ, ಆಲೇಖಾನ್ ಹೊರಟ್ಟಿ ಕಡೆ ಮನೆ, ತೋಟ, ರಸ್ತೆ ಕೊಚ್ಚಿಹೋದಾಗ ಸೈನ್ಯದ ಹುಡುಗರು ಬಂದರು. ಕೆಸರಿನಲ್ಲಿ ಮುದುಕರನ್ನು, ಮಕ್ಕಳನ್ನು ದಾಟಿಸಿದರು. ಆ ಹೊತ್ತಿಗೆ ಯಾರೂ ಅವರ ಜಾತಿ ಕೇಳಲಿಲ್ಲ, ಅವರೂ ಕೇಳಲಿಲ್ಲ. ಹಗ್ಗ ಎರಡು ದಿನದಲ್ಲಿ ಬಂತು. ಮನೆ? ಮನೆ ಕಳಕೊಂಡವರು ಬದಲಿ ಜಾಗಕ್ಕೆ ವರ್ಷಗಟ್ಟಲೆ ಕಚೇರಿ ಮೆಟ್ಟಿಲು ಹತ್ತಿದರು. ಹಗ್ಗ ಕೊಡುವ ಸರ್ಕಾರವೂ ನಮ್ಮದೇ, ಮನೆ ಕೊಡದ ಸರ್ಕಾರವೂ ನಮ್ಮದೇ. ಆದೇಶ ಬಂದ ದಿನವೇ ಹೊರಡುವ ಕಾಲು ಸೈನ್ಯಕ್ಕಿದೆ. ಆ ಕಾಲನ್ನು ಸಮಾಜ ಕಲ್ಯಾಣಕ್ಕೆ ಯಾಕೆ ಕೊಟ್ಟಿಲ್ಲ?

ಜಾಗದ ಮಾತು ಬಂತಾದ್ದರಿಂದ ಪಕ್ಕದ ಚಿತ್ರದುರ್ಗ ಜಿಲ್ಲೆಯನ್ನೂ ನೋಡಿ. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ರಕ್ಷಣಾ ಸಂಶೋಧನೆಯವರಿಗೆ 4,290 ಎಕರೆ, ಅಣುಶಕ್ತಿಯವರಿಗೆ 1,810 ಎಕರೆ ಕೊಟ್ಟರು. ಕುರಿ ದನ ಮೇಯಿಸುತ್ತಿದ್ದ ಜನಕ್ಕೆ ಬೇಲಿ ಎದ್ದ ಮೇಲೆ ಗೊತ್ತಾಯಿತು. ಇತ್ತ ಲೈನ್ ಮನೆಯಿಂದ ಹೊರಬಿದ್ದವನು ಮೂವತ್ತು ನಲವತ್ತರ ಒಂದು ಸೈಟು ಕೇಳಿದರೆ ಜಾಗವಿಲ್ಲ ಅಂತಾರೆ.

ಬೇರೆ ಥರ ತೂಗಿದವರು ಲೋಕದಲ್ಲಿ ಇಲ್ಲವೇ? ಇದ್ದಾರೆ, ಅವರೂ ಕಾಫಿ ಬೆಳೆಯುವವರೇ. ಮಧ್ಯ ಅಮೆರಿಕದ ಕೋಸ್ಟರಿಕಾ ಅನ್ನುವ ಪುಟ್ಟ ದೇಶ, ನಮ್ಮ ಹಾಗೇ ಬೆಟ್ಟ, ನಮ್ಮ ಹಾಗೇ ಅರೇಬಿಕಾ. 1948ರ ಡಿಸೆಂಬರಿನಲ್ಲಿ ಸೈನ್ಯವನ್ನೇ ಬರಖಾಸ್ತು ಮಾಡಿದರು. ಮರುವರ್ಷ ಅದನ್ನು ಸಂವಿಧಾನದಲ್ಲೇ ಬರೆದಿಟ್ಟರು. ರಾಜಧಾನಿಯ ದಂಡಿನ ಕೋಟೆ ಈಗ ಮ್ಯೂಸಿಯಂ. ಉಳಿದ ದುಡ್ಡು ಶಾಲೆಗೆ, ಆಸ್ಪತ್ರೆಗೆ ಅಂದರು. ನಮ್ಮ ದೇಶ ಹಾಗೆ ಮಾಡಬೇಕು ಅಂತ ನಾವು ಹೇಳುತ್ತಿಲ್ಲ. ಎರಡು ಕಡೆ ಜಗಳದ ಗಡಿ ಇಟ್ಟುಕೊಂಡು ಅದು ಆಗದ ಮಾತು. ಆದರೆ ಸೈನ್ಯದ ಖರ್ಚು ದೇವರು ಬರೆದಿಟ್ಟ ಅಂಕಿಯಲ್ಲ, ಮನುಷ್ಯರು ಕೂತು ತೂಗಿದ್ದು, ಮನುಷ್ಯರೇ ಬದಲಾಯಿಸಬಹುದು ಅಂತ ತಿಳಿಯಲು ಆ ಬೆಟ್ಟ ಸಾಕು.

1962ರಲ್ಲಿ ಚೀನಾ ಯುದ್ಧವಾದಾಗ ರಕ್ಷಣಾ ನಿಧಿಗೆ ಅಂತ ಹೆಂಗಸರು ಕೈ ಬಳೆ ಬಿಚ್ಚಿ ಕೊಟ್ಟರು. ಒಳ್ಳೆಯದೇ ಮಾಡಿದರು. ಹೊಲಗೇರಿ ಶಾಲೆಯ ಸೂರು ಸೋರಿದಾಗ ಯಾರೂ ಬಳೆ ಬಿಚ್ಚಲಿಲ್ಲ. ಯಾರೂ ಬಿಚ್ಚಬೇಕಾಗಿಯೂ ಇಲ್ಲ. ನಮಗೆ ದಾನ ಬೇಡ, ಲೆಕ್ಕ ಬೇಕು.

ಆದ್ದರಿಂದ ಪ್ರತಿ ಹಾಸ್ಟೆಲಿನ ಗೆಳೆಯರಿಗೆ ಒಂದು ಕೆಲಸ ಹಚ್ಚುತ್ತಿದ್ದೇವೆ. ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು, ಆದ್ದರಿಂದ ಭಾಷಣ ಬರೆಯಬೇಡಿ. ಮೂರೇ ಪ್ರಶ್ನೆ. ಕಳೆದ ಮೂರು ವರ್ಷದಲ್ಲಿ ನಮ್ಮ ಹಾಸ್ಟೆಲಿಗೆ ಮಂಜೂರಾದದ್ದು ಎಷ್ಟು? ಬಿಡುಗಡೆಯಾದದ್ದು ಎಷ್ಟು, ಯಾವ ತಾರೀಕಿಗೆ? ಖರ್ಚಾಗದೆ ವಾಪಸು ಹೋದದ್ದು ಎಷ್ಟು? ಮೂವತ್ತು ದಿನದೊಳಗೆ ಉತ್ತರ ಬರಬೇಕು. ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಹಾಸ್ಟೆಲುಗಳವರು ಉತ್ತರ ಬಂದರೂ ಬಾರದಿದ್ದರೂ ಆ ಹಾಳೆಯನ್ನು ಮುಂದಿನ ಸಭೆಗೆ ತನ್ನಿ. ಹಾಸ್ಟೆಲಿನ ಹೆಸರು, ತಾರೀಕು ಸಮೇತ ಸ್ಟೆನ್ಸಿಲ್ ಮಾಡಿ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಅರ್ಜಿ ಬರೆಯಲು ಬಾರದವರು ಸಭೆ ಮುಗಿದ ಮೇಲೆ ಪುಸ್ತಕದ ಮೇಜಿನ ಹತ್ತಿರ ಬನ್ನಿ, ಒಬ್ಬರು ಕೂತಿರುತ್ತಾರೆ.